ನೇತ್ರರೋಗ ಸಂಶೋಧನೆಯಲ್ಲಿ ಪಾಠಾಂತರ ವಿಚಾರ

ಕನ್ನಡ ಇತಿಹಾಸದ ಅಭ್ಯಾಸಿಗಳಿಗೆ ನಾಸಿಕವೂ, ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದೂ ಅಪರಿಚಿತ ಪ್ರದೇಶಗಳಲ್ಲ. ನಾಸಿಕ ಜಿಲ್ಲೆಯ ವಣಿಯಲ್ಲಿ ದೊರೆತ ತಾಮ್ರಶಾಸನವು ರಾಷ್ಟ್ರಕೂಟ ಮುಮ್ಮಡಿ ಗೋವಿಂದನದು. ಎಲ್ಲೋರದ ಕೈಲಾಸ ದೇಗುಲವು ಒಂದನೆಯ ಕೃಷ್ಣನದೆಂದು ವಿದ್ವಾಂಸರು ನಿರ್ಣಯಿಸಿದುದಾದರೋ ದೂರದ ಬಡೋದೆಯಲ್ಲಿ ದೊರೆತ ಶಾಸನದ ನೆರವಿನಿಂದ. ಹಲವೆಡೆಯ ಬರಹಗಳನ್ನು ತೂಗಿನೋಡಿದಲ್ಲದೆ ಒಂದರ ಅರ್ಥವು ಸ್ಥಿರಪಡುವುದಿಲ್ಲ. ಈ ನ್ಯಾಯವನ್ನೇ ಜೀವಕೋಶದ ಬರಹಕ್ಕೆ ಅನ್ವಯಿಸುವ ಶಾಸ್ತ್ರವು ಬಯೋಇನ್ಫರ್ಮ್ಯಾಟಿಕ್ಸ್, ಎಂದರೆ ಜೈವಿಕ ಮಾಹಿತಿವಿಜ್ಞಾನ.

೧೯೬೫ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು ಅಂದಿಗೆ ತಿಳಿದಿದ್ದ ೬೫ ಪ್ರೋಟೀನುಗಳ ಅನುಕ್ರಮಗಳನ್ನು ಗ್ರಂಥರೂಪದಲ್ಲಿ ಸಂಗ್ರಹಿಸಿದರು. ಮಹಾರಾಷ್ಟ್ರದಲ್ಲಿ ಈ ವಿದ್ಯೆಯು ನೆಲೆಗೊಂಡುದು ೧೯೮೭ರಲ್ಲಿ, ಪುಣೆ ವಿಶ್ವವಿದ್ಯಾನಿಲಯದ ಕೇಂದ್ರದಿಂದ. ನಾಸಿಕದ ಕಾಲೇಜುಗಳು ೧೯೪೯ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯದ ಪರಿಧಿಯವು. ಔರಂಗಾಬಾದಿನವು ೧೯೫೮ರ ಮರಾಠವಾಡಾ ವಿಶ್ವವಿದ್ಯಾನಿಲಯದವು. ಅಲ್ಲಿ ಜೀವಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಕಲಿತವನು ಈ ಮಾರ್ಗವನ್ನು ಹಿಡಿಯಬೇಕಾದರೆ ಗಣಿತವನ್ನೂ ಗಣಕಯಂತ್ರವನ್ನೂ ಹೊಸದಾಗಿ ಅಭ್ಯಸಿಸಬೇಕು.

ಇಂತಹ ಸಂಶೋಧಕನಿಗೆ ನೇತ್ರವಿಜ್ಞಾನದಲ್ಲಿ ಕೆಲಸವೇನೆಂಬುದಕ್ಕೆ ಒಂದು ನಿದರ್ಶನ ಸಾಕು. ಮಂದ ಬೆಳಕಿನಲ್ಲಿ ನಮಗೆ ಕಾಣುವುದು ಅಕ್ಷಿಪಟಲದ ರೊಡಾಪ್ಸಿನ್ ಎಂಬ ಪ್ರೋಟೀನಿನಿಂದ. ಅದು ೩೪೮ ಅಮೈನೋ ಆಮ್ಲಗಳ ಸರಪಳಿ. ಇರುಳುಗಣ್ಣಿನಿಂದ ಮೊದಲಾಗಿ ಕ್ರಮೇಣ ದೃಷ್ಟಿಯನ್ನು ನುಂಗುವ ರೆಟಿನೈಟಿಸ್ ಪಿಗ್ಮೆಂಟೋಸಾ ರೋಗವುಳ್ಳ, ಪರಸ್ಪರ ಸಂಬಂಧಿಗಳಲ್ಲದ ೧೪೮ ಜನರನ್ನು ಥಡಿಯಸ್ ಡ್ರೈಜ ಮತ್ತು ಸಂಗಡಿಗರು ಪರೀಕ್ಷಿಸಲಾಗಿ, ೧೭ ಜನರಲ್ಲಿ ೨೩ನೆಯ ಸ್ಥಾನದ ಪ್ರೋಲೀನ್ ಹಿಸ್ಟಿಡೀನ್ ಆಗಿ ಮಾರ್ಪಟ್ಟಿತ್ತು. ಈ ಶೋಧವು ೧೯೯೦ರಲ್ಲಿ ಪ್ರಕಟವಾಯಿತು. ಒಂದಕ್ಷರದ ಸ್ಖಾಲಿತ್ಯದಿಂದ ಕಣ್ಣು ಕತ್ತಲೆಯಾಗುವುದೆಂಬುದು ಹೀಗೆ ಸಿದ್ಧವಾಯಿತು.

ಆದರೆ ಅಮೆರಿಕದ ಮನೆತನಗಳಲ್ಲಿ ಹೇರಳವಾಗಿ ಕಂಡ ಈ ದೋಷವು ಏಷ್ಯಾ ಮತ್ತು ಯೂರೋಪಿನ ರೋಗಿಗಳಲ್ಲಿ ತೀರ ವಿರಳ. ಒಂದು ದೇಶದ ಪ್ರತಿಗಳಿಂದ ಸಿದ್ಧಪಡಿಸಿದ ಪಾಠವು ಬೇರೊಂದು ದೇಶಕ್ಕೆ ಪ್ರಮಾಣವಾಗಲಾರದು. ಪಾಶ್ಚಾತ್ಯರ ಪಟ್ಟಿಯಲ್ಲಿ ಅಪರೂಪವೆನಿಸಿದ ವ್ಯತ್ಯಾಸವು ನಮ್ಮ ಯಾವುದೋ ಸಮುದಾಯದಲ್ಲಿ ಸಾಮಾನ್ಯವೂ ನಿರುಪದ್ರವಿಯೂ ಆಗಿರಬಹುದು. ಅದನ್ನೇ ರೋಗಕಾರಣವೆಂದು ಬಗೆದರೆ ನಿಜವಾದ ಕಾರಣವು ಮರೆಯಲ್ಲಿಯೇ ಉಳಿಯುವುದು.

ಈ ತಪ್ಪು ಕೇವಲ ಪಾಂಡಿತ್ಯದ ತಪ್ಪಲ್ಲ. ಆರ್‌ಪಿಇ೬೫ ಎಂಬ ವಂಶವಾಹಿಯ ದೋಷದಿಂದ ಬರುವ ಅಂಧತ್ವಕ್ಕೆ ೨೦೧೭ರಲ್ಲಿ ಅಮೆರಿಕದಲ್ಲಿ ವಂಶವಾಹಿ ಚಿಕಿತ್ಸೆಯೊಂದು ಅಂಗೀಕೃತವಾಯಿತು. ತಂದೆತಾಯಿಗಳಿಂದ ಬಂದ ಎರಡು ಪ್ರತಿಗಳಲ್ಲಿಯೂ ಆ ದೋಷವಿದೆಯೆಂದು ನಿಶ್ಚಯವಾದಲ್ಲದೆ ಅದನ್ನು ಕೊಡಲಾಗದು. ಸೋದರಮಾವನ ಸಂಬಂಧ ರೂಢಿಯಲ್ಲಿರುವ ನಮ್ಮ ನಾಡಿನಲ್ಲಿ ಎರಡು ಪ್ರತಿಗಳಲ್ಲಿಯೂ ಒಂದೇ ದೋಷವು ಕೂಡುವ ಸಂಭವವೂ ಅಧಿಕ.

ಈ ಕೊರತೆಯನ್ನು ತುಂಬುವತ್ತ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ೨೦೨೦ರಲ್ಲಿ ಕೈಗೊಂಡ ಜೀನೋಮ್ ಇಂಡಿಯಾ ಯೋಜನೆಯು ಗಣ್ಯವಾದ ಹೆಜ್ಜೆ. ೮೦ಕ್ಕೂ ಮಿಕ್ಕ ಸಮುದಾಯಗಳ ಸುಮಾರು ೧೦,೦೦೦ ಜನರ ವಂಶವಾಹಿ ಪಾಠಗಳು ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾದುವು. ಆದರೂ ರೋಗಿಗಳ ಮನೆತನದ ವಿವರಗಳು ಅವುಗಳೊಡನೆ ಕೂಡಬೇಕು. ಹಳ್ಳಿಯ ಇರುಳುಗಣ್ಣಿನ ಹುಡುಗನ ವಂಶವೃಕ್ಷವನ್ನು ಯಾರೂ ಬರೆದುಕೊಳ್ಳದಿದ್ದರೆ ಗಣಕಯಂತ್ರವು ಹೋಲಿಸುವುದಾದರೂ ಏನನ್ನು? ಪ್ರತಿಗಳ ಸಂಗ್ರಹವಿಲ್ಲದೆ ಸಂಪಾದನೆಯಿಲ್ಲವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.