ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಹರಿದಾಡುವ ಏಳು ಮಾತುಗಳು: ಯಾವುದು ನಿಜ, ಯಾವುದು ಸುಳ್ಳು?

ಮುಳಬಾಗಿಲು ತಾಲ್ಲೂಕಿನ ಆವನಿಯ ಓದುಗರೊಬ್ಬರು ನಮಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಕಳುಹಿಸಿ, ಇದನ್ನು ನಂಬಬಹುದೇ ಎಂದು ಕೇಳಿದ್ದರು. ಬೇರೆ ರಾಜ್ಯಕ್ಕೆ ವರ್ಗವಾಗಿರುವ ಸೈನಿಕರೊಬ್ಬರು ತಮ್ಮ ಕಾರನ್ನು ಅರ್ಧ ಬೆಲೆಗೆ ಮಾರುತ್ತಿದ್ದಾರೆ, ಸಂಜೆಯೊಳಗೆ 15,000 ರೂಪಾಯಿ ಅಡ್ವಾನ್ಸ್ ಹಾಕಿದರೆ ಕಾರು ಮನೆ ಬಾಗಿಲಿಗೆ ಬರುತ್ತದೆ ಎಂಬುದು ಅದರ ಸಾರ. ತಾಯಿಯನ್ನು ಆಗಾಗ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು, ಚೀಟಿ ಎತ್ತಿದ ಹಣವೂ ಸೇರಿ ಕೈಯಲ್ಲಿ ಎರಡೂವರೆ ಲಕ್ಷವಿದೆ, ಹೊಸ ಕಾರು ಆಗದು ಎಂದು ಅವರು ಬರೆದಿದ್ದರು.

ಮೊದಲು ಚುಟುಕಾಗಿ ಉತ್ತರ: ಹಣ ಹಾಕಬೇಡಿ. ಹಳೆಯ ಕಾರಿನ ಭರವಸೆ ಕಂಪನಿಯ ಹೆಸರಿನಲ್ಲಾಗಲಿ, ಬೆಲೆಯಲ್ಲಾಗಲಿ, ಬಣ್ಣದ ಹೊಳಪಿನಲ್ಲಾಗಲಿ ಇಲ್ಲ. ಆ ಒಂದು ಕಾರು ಇಲ್ಲಿಯವರೆಗೆ ಏನೇನು ಕಂಡಿದೆ, ಅದರ ದಾಖಲೆ ಯಾರ ಹೆಸರಿನಲ್ಲಿದೆ ಎಂಬುದರಲ್ಲಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಹಳೆಯ ಕಾರಿನ ಬಗ್ಗೆ ಹೆಚ್ಚು ಹರಿದಾಡುವ ಏಳು ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

1. ‘ಸೈನಿಕರ ಕಾರು, ಅರ್ಧ ಬೆಲೆಗೆ’

ನಮ್ಮ ತೀರ್ಮಾನ: ವಂಚನೆ

ಸೇನೆ ಅಥವಾ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯ ಸೋಗಿನಲ್ಲಿ ವಾಹನ ಮಾರುವ ಜಾಹೀರಾತು ಹಾಕಿ ಹಣ ಕೀಳುವುದು ಹಳೆಯ ಪಟ್ಟು. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಎಲ್ಲವನ್ನೂ ಕಳುಹಿಸುತ್ತಾರೆ. ಅವು ಬೇರೆ ಯಾರದ್ದೋ ಆಗಿರುತ್ತವೆ, ಇಲ್ಲವೇ ನಕಲಿ. ಕಾರು ಮಾತ್ರ ನೋಡಲು ಸಿಗುವುದಿಲ್ಲ. ಮೊದಲು ಅಡ್ವಾನ್ಸ್, ಆಮೇಲೆ ‘ಗೇಟ್ ಪಾಸ್’, ಆಮೇಲೆ ‘ಸಾಗಾಟದ ಖರ್ಚು’ ಎಂದು ಒಂದರ ಹಿಂದೆ ಒಂದು ಕಂತು ಕೇಳುತ್ತಾರೆ. ‘ಹಣ ವಾಪಸ್ ಕೊಡುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂದರಂತೂ ಇನ್ನಷ್ಟು ಹಣ ಹೋಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ನೆನಪಿಡಿ.

ಕಾರನ್ನು ಕಣ್ಣಾರೆ ನೋಡದೆ, ಆರ್‌ಸಿಯಲ್ಲಿರುವ ಮಾಲೀಕರನ್ನು ಭೇಟಿಯಾಗದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

2. ‘ದೆಹಲಿಯ ಕಾರು ತಂದರೆ ಭಾರಿ ಲಾಭ’

ನಮ್ಮ ತೀರ್ಮಾನ: ಅರ್ಧಸತ್ಯ

ದೆಹಲಿ ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ಹಸಿರು ನ್ಯಾಯಮಂಡಳಿ ತಡೆ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡವೆಂದು ಅದೇ ಕೋರ್ಟ್ 2025ರ ಆಗಸ್ಟ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಈ ನಿಯಮದ ಕಾರಣಕ್ಕೆ ಅಲ್ಲಿ ಹಳೆಯ ಕಾರುಗಳು ಅಗ್ಗವಾದದ್ದು ನಿಜ.

ಆದರೆ ಫಾರ್ವರ್ಡ್‌ಗಳು ಹೇಳದ ಲೆಕ್ಕ ಬೇರೆಯೇ ಇದೆ. ಬೇರೆ ರಾಜ್ಯದ ಕಾರನ್ನು ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಲು ಮೂಲ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಫಾರ್ಮ್ 28) ಬೇಕು. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಈ ತೆರಿಗೆಯ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಕಾರಿಗೆ ವಯಸ್ಸಾದಂತೆ ತೆರಿಗೆ ಇಳಿಯುತ್ತದೆ, ನಿಜ. ಆದರೂ ಅಗ್ಗದ ಕಾರಿಗೆ ಅದು ದೊಡ್ಡ ಮೊತ್ತವೇ.

ಈ ಮಾತು ನಮ್ಮ ಗಡಿ ತಾಲ್ಲೂಕುಗಳಿಗೂ ಅನ್ವಯಿಸುತ್ತದೆ. ನಂಗಲಿ ದಾಟಿದರೆ ಆಂಧ್ರ, ಆ ಕಡೆಗೆ ತಮಿಳುನಾಡು. ಪಲಮನೇರಿನಲ್ಲೋ ಹೊಸೂರಿನಲ್ಲೋ 30,000 ರೂಪಾಯಿ ಕಡಿಮೆಗೆ ಸಿಕ್ಕ ಕಾರು ತೆರಿಗೆ ಕಟ್ಟಿದ ಮೇಲೆ ಇಲ್ಲಿನ ಕಾರಿಗಿಂತ ದುಬಾರಿಯಾಗಬಹುದು. ಹಳೆಯ ನಂಬರಿನಲ್ಲೇ ಓಡಿಸಿಕೊಂಡಿರುತ್ತೇವೆ ಎನ್ನುವಂತಿಲ್ಲ. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ.

3. ‘15 ವರ್ಷವಾದ ಕಾರು ಗುಜರಿಗೇ ಹೋಗಬೇಕು’

ನಮ್ಮ ತೀರ್ಮಾನ: ಕರ್ನಾಟಕದ ಮಟ್ಟಿಗೆ ಸುಳ್ಳು

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಶುಲ್ಕ ಏರಿದೆ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಇದಲ್ಲದೆ ಹಸಿರು ತೆರಿಗೆಯೂ ಇದೆ. 13–14 ವರ್ಷದ ಕಾರನ್ನು ನೋಡುತ್ತಿದ್ದರೆ ಈ ಖರ್ಚು ಬಾಗಿಲಲ್ಲೇ ನಿಂತಿದೆ ಎಂದು ತಿಳಿದೇ ಬೆಲೆ ಮಾತಾಡಿ.

4. ‘ಹಳೆಯ ಕಾರು ಮಾರಿದರೂ ಶೇ 18 ಜಿಎಸ್‌ಟಿ’

ನಮ್ಮ ತೀರ್ಮಾನ: ದಾರಿ ತಪ್ಪಿಸುವ ಸಂದೇಶ

2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯ ನಂತರ ಈ ಮಾತು ಕಾಳ್ಗಿಚ್ಚಿನಂತೆ ಹರಡಿತು. ತೆರಿಗೆ ಇರುವುದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ, ಅದೂ ಲಾಭದ ಮೇಲೆ ಮಾತ್ರ. ವ್ಯಾಪಾರಿಯೊಬ್ಬ 2 ಲಕ್ಷಕ್ಕೆ ಕೊಂಡು 2.30 ಲಕ್ಷಕ್ಕೆ ಮಾರಿದರೆ ತೆರಿಗೆ 30,000ದ ಮೇಲೆ, ಅಂದರೆ 5,400 ರೂಪಾಯಿ. ನಿಮ್ಮ ಊರಿನ ಶಿಕ್ಷಕರ ಕಾರನ್ನು ನೀವು ನೇರವಾಗಿ ಕೊಂಡರೆ ಇಬ್ಬರಿಗೂ ಜಿಎಸ್‌ಟಿ ಇಲ್ಲ.

5. ‘ಕಡಿಮೆ ಕಿಲೋಮೀಟರ್ ಓಡಿದ ಕಾರೇ ಒಳ್ಳೆಯದು’

ನಮ್ಮ ತೀರ್ಮಾನ: ಮೀಟರನ್ನಷ್ಟೇ ನಂಬಿದರೆ ಮೋಸ

ಶಿವರಾತ್ರಿಯ ಹೊತ್ತಿಗೆ ಆವನಿಯಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಅಲ್ಲಿ ಎತ್ತಿನ ವಯಸ್ಸನ್ನು ಯಾರೂ ಮಾರುವವನ ಬಾಯಿಂದ ಕೇಳಿ ನಂಬುವುದಿಲ್ಲ. ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾರೆ. ಕಾರಿಗೂ ಹಲ್ಲುಗಳಿವೆ.

ಈಗಿನ ಕಾರುಗಳ ಓಡೋಮೀಟರ್ ಎಂದರೆ ಎಲೆಕ್ಟ್ರಾನಿಕ್ ಮೆಮೊರಿಯಲ್ಲಿ ಕೂತ ಒಂದು ಸಂಖ್ಯೆ. ಉಪಕರಣವಿದ್ದರೆ ಅದನ್ನು ಇಳಿಸಬಹುದು. ಆದರೆ ಕಾರಿನ ಮೈಯಲ್ಲಿ ಆದ ಸವೆತವನ್ನು ಇಳಿಸುವುದು ಕಷ್ಟ. ಮೀಟರ್ 32,000 ತೋರಿಸುತ್ತಿದ್ದು, ಬ್ರೇಕ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುವಷ್ಟು ಸವೆದಿದ್ದರೆ, ಡ್ರೈವರ್ ಸೀಟು ಕುಸಿದಿದ್ದರೆ ಅನುಮಾನಪಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರ್. ‘ಇನ್ನೂ ಕಂಪನಿ ಟೈರೇ ಇದೆ’ ಎಂಬ ಮಾತನ್ನು ಇದರಿಂದಲೇ ತಾಳೆ ನೋಡಬಹುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸರ್ವಿಸ್ ದಾಖಲೆ. ಪ್ರತಿ ಸರ್ವಿಸ್‌ನಲ್ಲೂ ದಿನಾಂಕ ಮತ್ತು ಕಿಲೋಮೀಟರ್ ನಮೂದಾಗಿರುತ್ತದೆ. ಮಾಲೀಕರನ್ನೇ ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಅದನ್ನು ಕೇಳಿ.

ಇನ್ನೊಂದು ಮಾತು. ವರ್ಷಗಟ್ಟಲೆ ನಿಂತಲ್ಲೇ ನಿಂತ ಕಾರಿನ ಬ್ಯಾಟರಿ, ಟೈರ್, ರಬ್ಬರ್ ಪೈಪುಗಳು ಓಡದೆಯೇ ಹಾಳಾಗುತ್ತವೆ. ಹೊತ್ತುಹೊತ್ತಿಗೆ ಸರ್ವಿಸ್ ಆಗಿ 80,000 ಕಿ.ಮೀ. ಓಡಿದ ಕಾರು, ಮೂಲೆಯಲ್ಲಿ ನಿಂತು 25,000 ಓಡಿದ ಕಾರಿಗಿಂತ ವಾಸಿ ಇರಬಹುದು.

6. ‘ನೆರೆಯಲ್ಲಿ ಮುಳುಗಿದ ಕಾರುಗಳನ್ನು ತೊಳೆದು ಮಾರುತ್ತಾರೆ’

ನಮ್ಮ ತೀರ್ಮಾನ: ಎಚ್ಚರಿಕೆ ಸರಿಯಾದದ್ದೇ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗದ ಬಡಾವಣೆಗಳಲ್ಲಿ ಕಾರುಗಳು ನೀರಲ್ಲಿ ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಚೆನ್ನೈನಲ್ಲಿ 2015ರಲ್ಲಿ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ವೇಳೆ ಹಾಗೆಯೇ ಆಯಿತು. ಕೋಲಾರ ಜಿಲ್ಲೆ ಇರುವುದು ಈ ಎರಡು ನಗರಗಳ ನಡುವೆ. ನೀರು ಕಂಡ ಕಾರು ಮೊದಲು ಸರಿಯಾಗಿಯೇ ಓಡುತ್ತದೆ. ತಿಂಗಳುಗಳ ನಂತರ ವೈರಿಂಗ್ ಜೋಡಣೆಗಳು ತುಕ್ಕು ಹಿಡಿದು ಒಂದೊಂದೇ ಕೈಕೊಡುತ್ತದೆ.

ಗುರುತಿಸುವುದು ಹೀಗೆ: ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯಲ್ಲಿ ಮಣ್ಣು, ತುಕ್ಕು ಹುಡುಕಿ. ಸೀಟಿನ ಕೆಳಗಿನ ಕಬ್ಬಿಣದ ಹಳಿ ನೋಡಿ. ಕಿಟಕಿ ಮುಚ್ಚಿ ಐದು ನಿಮಿಷ ಕುಳಿತರೆ ಮುಗ್ಗಲು ವಾಸನೆ ತಾನಾಗಿ ತಿಳಿಯುತ್ತದೆ. ಸೆಂಟು ಘಮ್ಮೆನ್ನುತ್ತಿದ್ದರೆ ಇನ್ನೂ ಎಚ್ಚರ.

7. ‘ಫಾರ್ಮ್‌ಗೆ ಸಹಿ ಆಯಿತು, ಇನ್ನು ಕಾರು ನಿಮ್ಮದೇ’

ನಮ್ಮ ತೀರ್ಮಾನ: ಸುಳ್ಳು, ಎಲ್ಲಕ್ಕಿಂತ ಅಪಾಯಕಾರಿ

ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿ, ಹಣ ಕೊಟ್ಟು, ಕೀಲಿ ಪಡೆದು ವರ್ಷಗಟ್ಟಲೆ ಹೆಸರು ಬದಲಿಸದೆ ಓಡಿಸುವವರು ಬಹಳ. ಕಾನೂನಿನ ಕಣ್ಣಿಗೆ ಮಾಲೀಕರೆಂದರೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣವೊಂದರಲ್ಲಿ ಕಾರನ್ನು 2007ರಲ್ಲೇ ಮಾರಲಾಗಿತ್ತು. ಅದು ಹಲವರ ಕೈ ದಾಟಿತ್ತು. 2009ರಲ್ಲಿ ಅಪಘಾತವಾಯಿತು. ಹೆಸರು ಬದಲಾಗದ ಕಾರಣ ಪರಿಹಾರದ ಹೊಣೆ ಮೊದಲು ಮಾರಿದವರ ಮೇಲೇ ಬಿತ್ತು.

ಕೊಳ್ಳುವವರಿಗೂ ನಷ್ಟವಿದೆ. ಕಾರು ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಯ ಕ್ಲೇಮ್ ತಿರಸ್ಕಾರವಾಗಬಹುದು. ಹಿಂದಿನ ಮಾಲೀಕರ ‘ನೋ ಕ್ಲೇಮ್ ಬೋನಸ್’ ನಿಮಗೆ ಬರುವುದಿಲ್ಲ, ಅದು ಅವರದು. ಆದ್ದರಿಂದ ಪ್ರೀಮಿಯಂ ವ್ಯತ್ಯಾಸಕ್ಕೂ ಹಣ ಇಟ್ಟುಕೊಳ್ಳಿ. ಕಾರಿನ ಮೇಲೆ ಸಾಲವಿದ್ದರೆ, ಅದು ತೀರಿದ ಬ್ಯಾಂಕ್ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಮುಂದೆ ಹೋಗಬೇಡಿ.

ವ್ಯಾಪಾರಿಯ ಮೂಲಕ ಕೊಳ್ಳುತ್ತೀರಾ? 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮವಿದೆ. ಅದನ್ನು ತೋರಿಸಲು ಕೇಳಿ. ಕೇಳುವುದು ಅವಮಾನವಲ್ಲ.

ಹಾಗಾದರೆ ಎರಡೂವರೆ ಲಕ್ಷದಲ್ಲಿ ಆಯ್ಕೆ ಹೇಗೆ?

ಪೂರ್ತಿ ಹಣವನ್ನು ಕಾರಿಗೇ ಹಾಕಬೇಡಿ. ಎರಡು ಲಕ್ಷದ ಕಾರು ನೋಡಿ, 50,000 ಪಕ್ಕಕ್ಕಿಡಿ. ಟೈರ್, ಬ್ಯಾಟರಿ, ಕ್ಲಚ್, ಇನ್ಶೂರೆನ್ಸ್, ಹೆಸರು ಬದಲಾವಣೆ ಎಂದು ಮೊದಲ ಮೂರು ತಿಂಗಳಲ್ಲೇ ಆ ಹಣ ಕೆಲಸಕ್ಕೆ ಬರುತ್ತದೆ.

ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಾಟಕ್ಕೆ, ವಾರಕ್ಕೊಮ್ಮೆ ಆಸ್ಪತ್ರೆಗೆ ಪೆಟ್ರೋಲ್‌ನ ಸಣ್ಣ ಕಾರು ಸಾಕು. ಹಳೆಯ ಡೀಸೆಲ್ ಕಾರಿನ ಟರ್ಬೊ, ಇಂಜೆಕ್ಟರ್ ಕೈಕೊಟ್ಟರೆ ಇಂಧನದಲ್ಲಿ ಉಳಿಸಿದ್ದೆಲ್ಲ ಗ್ಯಾರೇಜಿಗೆ ಹೋಗುತ್ತದೆ. ಮುಳಬಾಗಿಲು ಅಥವಾ ಕೋಲಾರದ ಮೆಕ್ಯಾನಿಕ್‌ಗೆ ಪರಿಚಯವಿರುವ, ಬಿಡಿಭಾಗ ಅದೇ ದಿನ ಸಿಗುವ ಮಾದರಿಯನ್ನೇ ಆರಿಸಿ.

ಸುರಕ್ಷತೆಗೂ ಒಂದು ದಿನಾಂಕ ನೆನಪಿಡಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ. ಅದಕ್ಕಿಂತ ಹಳೆಯ ಕಾರಾದರೆ ಏರ್‌ಬ್ಯಾಗ್, ಎಬಿಎಸ್ ಇರುವ ಆವೃತ್ತಿಯನ್ನು ಹುಡುಕಿ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲ ಕ್ಷಣಗಳಲ್ಲಿ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವೆಂದರೆ ಅದೂ ದೋಷವೇ.

ಕಾರು ನೋಡುವ ದಿನ ಈ ಕ್ರಮ ಪಾಲಿಸಿ:

• ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಂದಣಿ ದಿನಾಂಕ, ಇಂಧನ, ಇನ್ಶೂರೆನ್ಸ್ ನೋಡಿ. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ನೋಡಿ.
• ಕಳವು ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ಸೇವೆಯಲ್ಲಿ ಪರಿಶೀಲಿಸಿ.
• ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಕಾರಿನ ಮೇಲಿನ ಅಚ್ಚಿನ ಜೊತೆ ತಾಳೆ ನೋಡಿ.
• ಹಗಲಿನಲ್ಲೇ ಹೋಗಿ. ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.
• ಬಾಗಿಲು, ಬಾನೆಟ್‌ಗಳ ಸಂದುಗಳು ಎರಡೂ ಕಡೆ ಒಂದೇ ಅಗಲ ಇವೆಯೇ ನೋಡಿ. ಇಲ್ಲದಿದ್ದರೆ ಟಿಂಕರಿಂಗ್ ಆಗಿದೆ.
• ನಿಮ್ಮದೇ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕಾರನ್ನು ಮೇಲೆತ್ತಿಸಿ ತಳ ನೋಡಿಸಿ. ಮಾರುವವರು ಒಪ್ಪದಿದ್ದರೆ ವಾಪಸ್ ಬನ್ನಿ.
• ಹಣವನ್ನು ಆರ್‌ಸಿ ಮಾಲೀಕರ ಖಾತೆಗೇ ಹಾಕಿ, ರಸೀದಿಯಲ್ಲಿ ದಿನಾಂಕದ ಜೊತೆ ಸಮಯವನ್ನೂ ಬರೆಸಿ. ಹೆಸರು ಬದಲಾವಣೆಯ ಅರ್ಜಿ ಸಲ್ಲಿಕೆಯಾಗುವವರೆಗೆ ಸ್ವಲ್ಪ ಹಣ ಬಾಕಿ ಉಳಿಸಿಕೊಳ್ಳಿ.

ಒಟ್ಟಾರೆಯಾಗಿ, ಈ ಏಳರಲ್ಲಿ ಕೆಲವು ಸುಳ್ಳು, ಕೆಲವು ಅರ್ಧಸತ್ಯ, ಒಂದು ಸರಿಯಾದ ಎಚ್ಚರಿಕೆ. ‘ಇಂದೇ ಕೊನೆಯ ದಿನ’ ಎಂದು ಅವಸರಪಡಿಸುವ ಯಾವ ವ್ಯವಹಾರಕ್ಕೂ ಒಂದು ರಾತ್ರಿ ಸಮಯ ಕೊಡಿ. ಆವನಿಯ ಓದುಗರು ‘ಕಾರು ನೋಡಿಯೇ ಹಣ ಕೊಡುತ್ತೇನೆ’ ಎಂದು ಉತ್ತರಿಸಿದ ಮೇಲೆ ಆ ಕಡೆಯಿಂದ ಕರೆ ಬಂದಿಲ್ಲವಂತೆ. ಅವರ 15,000 ರೂಪಾಯಿ ಅವರ ಬಳಿಯೇ ಇದೆ. ಅದೇ ಫಾರ್ವರ್ಡ್ ನಿಮ್ಮ ಊರಿನ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಲೇಖನವನ್ನು ಹಾಕಿ.