ಲಾರಿ ನಡೆಸುವವರೇ ಒಡೆಯರಾದ ಕಥೆ

ರೈಲಿನ ಚರಿತ್ರೆಯನ್ನು ಬರೆದವರು ಅನೇಕರು; ಲಾರಿಯ ಚರಿತ್ರೆಯನ್ನು ಬರೆದವರು ವಿರಳ. ಆದರೂ ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನ ರಾಜಕೀಯ ಹೇಗೆ ಹೊರಳಿತೆಂಬುದಕ್ಕೆ ಆ ದೇಶದ ಸರಕು ಲಾರಿಗಳ ಕಥೆ ಒಳ್ಳೆಯ ಕನ್ನಡಿ.

೧೯೪೭ರಲ್ಲಿ ಆಟ್ಲಿಯವರ ಲೇಬರ್ ಸರ್ಕಾರ ಸಾರಿಗೆ ಕಾಯಿದೆಯನ್ನು ತಂದು, ದೂರದ ಊರುಗಳಿಗೆ ಸರಕು ಸಾಗಿಸುವ ಲಾರಿ ಉದ್ಯಮವನ್ನು ರಾಷ್ಟ್ರೀಕರಿಸಿತು. ಬಾಡಿಗೆಗೆ ಓಡುವ ಖಾಸಗಿ ಲಾರಿ ತನ್ನ ನೆಲೆಯಿಂದ ೨೫ ಮೈಲಿಯಾಚೆ ಹೋಗಬೇಕಾದರೆ ವಿಶೇಷ ಪರವಾನಗಿ ಬೇಕಾಯಿತು. ಸಾವಿರಾರು ಸಣ್ಣ ದೊಡ್ಡ ಸಂಸ್ಥೆಗಳು ಕೂಡಿ 'ಬ್ರಿಟಿಷ್ ರೋಡ್ ಸರ್ವಿಸಸ್' ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ವಾಹನಗಳು ಸುಮಾರು ೪೦,೦೦೦ಕ್ಕೆ ಏರಿದವು.

ಆದರೆ ೧೯೫೧ರಲ್ಲಿ ಚರ್ಚಿಲ್ಲರು ಮತ್ತೆ ಅಧಿಕಾರಕ್ಕೆ ಬಂದರು. ೧೯೫೩ರ ಕಾಯಿದೆ ಲಾರಿಗಳನ್ನು ಮಾರಲು ಹೊರಟಿತು. ಬಿಡಿ ಲಾರಿಗಳಿಗೆ ಗಿರಾಕಿಗಳು ಸಿಕ್ಕರು. ದೊಡ್ಡ ಜಾಲವನ್ನು ಕೊಳ್ಳುವವರು ಸಾಕಷ್ಟು ಬರಲಿಲ್ಲ. ೧೯೫೬ರಲ್ಲಿ ಮಾರಾಟ ನಿಂತು, ಉಳಿದದ್ದು ಸರ್ಕಾರದ ಕೈಯಲ್ಲೇ ಉಳಿಯಿತು. ೧೯೬೯ರಲ್ಲಿ, ವಿಲ್ಸನ್ ಸರ್ಕಾರದ ಕಾಲದಲ್ಲಿ, ಇದರೊಂದಿಗೆ ರೈಲ್ವೆಯ ಸರಕು ವಾಹನಗಳೂ ಸೇರಿ 'ನ್ಯಾಷನಲ್ ಫ್ರೈಟ್ ಕಾರ್ಪೊರೇಷನ್' ಆಯಿತು. ಎಪ್ಪತ್ತರ ದಶಕದಲ್ಲಿ ಅದು ನಷ್ಟದ ಕೆಸರಿನಲ್ಲಿ ಹೂತುಕೊಂಡಿತು.

ಥ್ಯಾಚರ್ ಸರ್ಕಾರ ಅದನ್ನು ಮಾರಲು ನಿರ್ಧರಿಸಿದಾಗ, ಮುಖ್ಯಾಧಿಕಾರಿ ಪೀಟರ್ ಥಾಂಪ್ಸನ್ನರು ಒಂದು ಹೊಸ ದಾರಿ ಸೂಚಿಸಿದರು: ಕೆಲಸಗಾರರೇ ಏಕೆ ಕೊಳ್ಳಬಾರದು? ೧೯೮೨ರಲ್ಲಿ ಸುಮಾರು ೧೦,೦೦೦ ಮಂದಿ ನೌಕರರು, ನಿವೃತ್ತರು ಮತ್ತು ಅವರ ಮನೆಯವರು ತಮ್ಮ ಉಳಿತಾಯ ಹಾಕಿದರು. ಬ್ಯಾಂಕುಗಳು ಸಾಲ ಕೊಟ್ಟವು. ಬೆಲೆ ೫ ಕೋಟಿ ೩೫ ಲಕ್ಷ ಪೌಂಡ್. ಅದರ ಬಹುಭಾಗ ಪಿಂಚಣಿ ನಿಧಿಯ ಕೊರತೆ ತುಂಬುವುದಕ್ಕೇ ಹೋಯಿತು. ಲಾರಿ ನಡೆಸುವವನು, ಉಗ್ರಾಣದ ಆಳು, ಗುಮಾಸ್ತ ಎಲ್ಲರೂ ಪಾಲುದಾರರಾದರು. ಕಂಪೆನಿ ಚೇತರಿಸಿಕೊಂಡಿತು, ಷೇರಿನ ಬೆಲೆ ಹಲವು ಪಟ್ಟು ಬೆಳೆಯಿತು.

ಆ ಬೆಳವಣಿಗೆಯೇ ಮುಂದೆ ಮುಳುವಾಯಿತು. ೧೯೮೯ರಲ್ಲಿ ಕಂಪೆನಿ ಲಂಡನ್ ಷೇರುಪೇಟೆಗೆ ಇಳಿಯಿತು. ನೌಕರರು ಕ್ರಮೇಣ ತಮ್ಮ ಪಾಲನ್ನು ಮಾರತೊಡಗಿದರು. ಮನೆಯ ಸಾಲ, ಮುಪ್ಪಿನ ಚಿಂತೆ ಇರುವವನನ್ನು ಇದಕ್ಕಾಗಿ ದೂರುವಂತಿಲ್ಲ. ೨೦೦೦ದಲ್ಲಿ ಓಷನ್ ಗ್ರೂಪ್ ಜೊತೆಗೂಡಿ ಅದು 'ಎಕ್ಸೆಲ್' ಆಯಿತು. ೨೦೦೫ರಲ್ಲಿ 'ಡಾಯಿಚ ಪೋಸ್ಟ್' ಅದನ್ನು ಕೊಂಡಿತು. ಒಂದು ಕಾಲಕ್ಕೆ ಬ್ರಿಟನ್ನಿನ ರಾಷ್ಟ್ರೀಯ ಸ್ವತ್ತಾಗಿದ್ದ ಸಂಸ್ಥೆ, ಹಿಂದೆ ಜರ್ಮನಿಯ ಸರ್ಕಾರಿ ಅಂಚೆಯಾಗಿದ್ದ ಕಂಪೆನಿಯ ಪಾಲಾದದ್ದು ವಿಧಿಯ ವಿನೋದವಲ್ಲವೆ?

ಸರ್ಕಾರಗಳ ಹಗ್ಗಜಗ್ಗಾಟವನ್ನು ತಾಳಿಕೊಂಡ ಸಂಸ್ಥೆ, ಸ್ವಂತ ಗೆಲುವನ್ನು ತಾಳಿಕೊಳ್ಳಲಿಲ್ಲ. ದುಡಿಯುವವರ ಕೈಗೆ ಒಡೆತನ ಬಂದರೆ ಸಾಲದು. ಮುಂದೆ ದುಡಿಯಲು ಬರುವವರಿಗೂ ಅದು ಉಳಿಯುವಂಥ ಕಟ್ಟುಪಾಡು ಬೇಕು. ಇಲ್ಲವಾದರೆ ಒಡೆತನವೂ ಲಾರಿಯ ಮೇಲಿನ ಸರಕಿನಂತೆಯೇ: ಒಂದೂರಲ್ಲಿ ಏರುತ್ತದೆ, ಇನ್ನೊಂದೂರಲ್ಲಿ ಇಳಿಯುತ್ತದೆ.