ಹೃದಯದ ಲೆಕ್ಕ ಬರೆದ ಊರು

1945ರ ಏಪ್ರಿಲ್ 12. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ವಿಶ್ರಾಂತಿಯಲ್ಲಿದ್ದರು. ಕಲಾವಿದೆಯೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದಾಗ ವಿಪರೀತ ತಲೆನೋವೆಂದು ಹೇಳಿ ಕುಸಿದರು. ಆಗ ಅವರ ರಕ್ತದೊತ್ತಡ 300/190. ಮಿದುಳಿನ ರಕ್ತಸ್ರಾವದಿಂದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ವಯಸ್ಸು 63.

ಇದು ಹಠಾತ್ತನೆ ಬಂದ ಕಾಯಿಲೆಯಲ್ಲ. ಒಂದು ವರ್ಷ ಮೊದಲೇ, 1944ರ ಮಾರ್ಚ್‌ನಲ್ಲಿ, ಹೃದಯತಜ್ಞ ಹೋವರ್ಡ್ ಬ್ರೂಯೆನ್ ಅವರನ್ನು ಪರೀಕ್ಷಿಸಿ, ಹೃದಯ ಹಿಗ್ಗಿ ಸೋಲುತ್ತಿರುವುದನ್ನು ಗುರುತಿಸಿದ್ದರು. ಡಿಜಿಟಾಲಿಸ್ ಕೊಟ್ಟರು, ಉಪ್ಪು ತಗ್ಗಿಸಿದರು. ಆದರೆ ರಕ್ತದೊತ್ತಡವನ್ನು ಸುರಕ್ಷಿತವಾಗಿ ಇಳಿಸುವ ಔಷಧಿ ಅಂದು ಇರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅದನ್ನು ಇಳಿಸಲೇಬೇಕೆಂಬ ಒಮ್ಮತವೂ ಇರಲಿಲ್ಲ. ವಯಸ್ಸಾದಂತೆ ಗಡುಸಾಗುವ ರಕ್ತನಾಳಗಳಲ್ಲಿ ರಕ್ತ ಹರಿಯಲು ಒತ್ತಡ ಏರುವುದು ಸಹಜವೆಂದೇ ಹಲವು ವೈದ್ಯರು ನಂಬಿದ್ದರು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಸಾಧಾರಣ ಪಟ್ಟಣ. 1948ರಲ್ಲಿ ಅಲ್ಲಿ ಆರಂಭವಾದ ಅಧ್ಯಯನಕ್ಕೆ 30ರಿಂದ 62 ವಯಸ್ಸಿನ 5,209 ಸ್ತ್ರೀಪುರುಷರು ಒಪ್ಪಿ ಮುಂದೆ ಬಂದರು. ಅವರಿಗೆ ಚಿಕಿತ್ಸೆ ಕೊಡುವುದು ಉದ್ದೇಶವಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವುದು, ಬರೆದಿಡುವುದು, ಯಾರಿಗೆ ಹೃದ್ರೋಗ ಬರುತ್ತದೆಂದು ಕಾದು ನೋಡುವುದು, ಇಷ್ಟೇ. ಈ ತಾಳ್ಮೆ ಫಲ ಕೊಟ್ಟಿತು. ಏರಿದ ರಕ್ತದೊತ್ತಡ, ಹೆಚ್ಚಿದ ಕೊಲೆಸ್ಟರಾಲ್, ಧೂಮಪಾನ ಇವು ಹೃದಯಾಘಾತಕ್ಕೆ ಮುಂಚೆಯೇ ಕಾಣಿಸುವ ಅಪಾಯಸೂಚಕಗಳೆಂದು 1960ರ ದಶಕದ ಹೊತ್ತಿಗೆ ಸ್ಪಷ್ಟವಾಯಿತು. ತೀವ್ರ ರಕ್ತದೊತ್ತಡವನ್ನು ಔಷಧಿಯಿಂದ ಇಳಿಸಿದರೆ ಪಾರ್ಶ್ವವಾಯುವಿನಂಥ ಅನಾಹುತಗಳು ತಗ್ಗುತ್ತವೆಂದು 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲಿನ ಪ್ರಯೋಗ ತೋರಿಸಿಕೊಟ್ಟಿತು.

ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮೊದಲು ಸೇರಿದವರು ಬಹುತೇಕ ಬಿಳಿಯರು. ಅವರ ಪಾಠ ಇತರರಿಗೂ ಸಲ್ಲುತ್ತದೆಯೇ? ಭಾರತವೂ ಸೇರಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನ ಸಲ್ಲುತ್ತದೆ ಎಂದಿತು. ಮೊದಲ ಹೃದಯಾಘಾತದ ಬಹುಪಾಲು ಅಪಾಯಕ್ಕೆ ಎಲ್ಲೆಡೆಯೂ ಅವೇ ಒಂಬತ್ತು ಅಂಶಗಳು ಕಾರಣ. ಅವುಗಳಲ್ಲಿ ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಸೇರಿವೆ. ಆದರೆ ದಕ್ಷಿಣ ಏಷ್ಯಾದವರಿಗೆ ಆ ಆಘಾತ ಇತರರಿಗಿಂತ ಸುಮಾರು ಆರು ವರ್ಷ ಮೊದಲೇ ಬರುತ್ತದೆ ಎಂಬುದೂ ಗೊತ್ತಾಯಿತು.

ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ದೇಶದ ಅಧ್ಯಕ್ಷನಿಗೂ ಅಂದು ದಕ್ಕದ ಚಿಕಿತ್ಸೆ ಇಂದು ದಿನಕ್ಕೊಂದು ಗುಳಿಗೆಯಲ್ಲಿ ಸಿಗುತ್ತದೆ. ಅದನ್ನು ತೆಗೆದುಕೊಳ್ಳಲು ಮೊದಲು ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನೋಡಬೇಕಷ್ಟೆ.